ಬಯೋಚಾರ್ ಮತ್ತು ಮರದ ವಿನೆಗರ್: ಹೂಡಿಕೆಗೆ ಮುನ್ನ ನೋಡಬೇಕಾದ ಲೆಕ್ಕ

ಗಾಳಿಯ ಸಂಪರ್ಕವಿಲ್ಲದೆ ಕಟ್ಟಿಗೆಯನ್ನು ಕಾಯಿಸಿ ಇದ್ದಿಲನ್ನೂ, ಅದರ ಹೊಗೆಯಿಂದ ದ್ರವ ಪದಾರ್ಥಗಳನ್ನೂ ಪಡೆಯುವ ಉದ್ಯಮ ಭದ್ರಾವತಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಇದ್ದಿಲಿನಿಂದ ನಡೆಯುತ್ತಿತ್ತು. ಅದರೊಂದಿಗಿದ್ದ ಮರದ ಬಟ್ಟಿ ಸ್ಥಾವರದಲ್ಲಿ ಹೊಗೆಯನ್ನು ತಣಿಸಿ ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್ ಹಾಗೂ ಟಾರನ್ನು ಪಡೆಯಲಾಗುತ್ತಿತ್ತು. ಅದೇ 1923ರಲ್ಲಿ ಜರ್ಮನಿಯಲ್ಲಿ ಕೃತಕ ವಿಧಾನದಿಂದ ಮೀಥೈಲ್ ಆಲ್ಕೋಹಾಲ್ ತಯಾರಿಕೆ ಆರಂಭವಾಯಿತು. ಮುಂದೆ ಮರದಿಂದ ಪಡೆದ ಸರಕು ಬೆಲೆಯಲ್ಲಿ ಅದರೊಡನೆ ಸ್ಪರ್ಧಿಸಲಾಗಲಿಲ್ಲ. ಉಪ ಉತ್ಪನ್ನದ ಬೆಲೆಯನ್ನು ನಂಬಿ ಯೋಜನೆ ರೂಪಿಸುವವರು ನೆನಪಿಡಬೇಕಾದ ಸಂಗತಿಯಿದು.

ಇಂದು ಅದೇ ತತ್ತ್ವವು ಕೃಷಿಯ ಮಾರ್ಗವಾಗಿ ಮರಳಿ ಬಂದಿದೆ. ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಜೋಳದ ದಿಂಡು ನಮ್ಮ ಜಿಲ್ಲೆಯಲ್ಲಿ ದೊರೆಯುವ ಕಚ್ಚಾ ವಸ್ತುಗಳು. ಘಟಕ ಸ್ಥಾಪಿಸುವ ಬಗ್ಗೆ ವಿಚಾರಿಸುವ ಉದ್ಯಮಿಗಳಿಗೆ ಉಪಯುಕ್ತವಾಗಲೆಂದು ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಉಪಯೋಗವೇನು?

ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಯಾರಿಸಿ ಮಣ್ಣಿಗೆ ಸೇರಿಸುವ ಇದ್ದಿಲೇ ಬಯೋಚಾರ್. ಅದರ ಸೂಕ್ಷ್ಮ ರಂಧ್ರಗಳು ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತವೆ. ಸಾಮಾನ್ಯವಾಗಿ ಕ್ಷಾರಗುಣ ಹೊಂದಿರುವುದರಿಂದ, ಅಧಿಕ ಮಳೆಯಿಂದ ಹುಳಿಯಾದ ಮಲೆನಾಡಿನ ಮಣ್ಣಿಗೆ ಇದು ಹೊಂದುತ್ತದೆ. ಈಗಾಗಲೇ ಕ್ಷಾರವಿರುವ ಜಮೀನಿಗೆ ಮಣ್ಣು ಪರೀಕ್ಷೆಯಿಲ್ಲದೆ ಹಾಕುವುದು ತರವಲ್ಲ. ಇದು ಗೊಬ್ಬರಕ್ಕೆ ಬದಲಿಯೂ ಅಲ್ಲ. ಕಾಂಪೋಸ್ಟಿನೊಡನೆ ಬೆರೆಸಿ ಕೆಲವು ವಾರ ಬಿಟ್ಟು ಬಳಸುವುದು ಉತ್ತಮ. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಉಳಿಯುವ ಬೂದಿಯನ್ನು ಬಯೋಚಾರ್ ಎಂದು ಮಾರುವುದು ಸರಿಯಲ್ಲ.

ಹೊಗೆಯನ್ನು ತಣಿಸಿದಾಗ ದೊರೆಯುವ ಹುಳಿ ದ್ರವವೇ ಮರದ ವಿನೆಗರ್. ಅದರಲ್ಲಿ ಬಹುಪಾಲು ನೀರು. ಉಳಿದುದು ಅಸಿಟಿಕ್ ಆಮ್ಲ, ಫೀನಾಲ್ ಮುಂತಾದವು. ಇದನ್ನು ಹಲವು ತಿಂಗಳು ನಿಲ್ಲಿಸಿ ಟಾರನ್ನು ಬೇರ್ಪಡಿಸಬೇಕು. ಜಪಾನಿನಲ್ಲಿ ಇದರ ಕೃಷಿ ಬಳಕೆ ಹಳೆಯದು. ಬೆಳೆಗೆ ನೂರಾರು ಪಟ್ಟು ನೀರು ಬೆರೆಸಿಯೇ ಸಿಂಪಡಿಸಬೇಕು. ಗಟ್ಟಿಯಾಗಿ ಬಳಸಿದರೆ ಎಲೆ ಸುಡುತ್ತದೆ.

ವೆಚ್ಚದ ಲೆಕ್ಕ

ಒಣ ಕಚ್ಚಾ ವಸ್ತುವಿನ ತೂಕದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಇದ್ದಿಲಾಗುತ್ತದೆ. ಉದಾಹರಣೆಗೆ, ಸಾಗಣೆ ಸೇರಿ ಸಿಪ್ಪೆಯ ದರ ಟನ್ನಿಗೆ 1,500 ರೂ., ಇಳುವರಿ ಶೇ. 28 ಎಂದಿಟ್ಟುಕೊಳ್ಳೋಣ. ಪೂರ್ಣ ಒಣಗಿದ ಒಂದು ಟನ್ನಿನಿಂದ 280 ಕಿ.ಗ್ರಾಂ. ದೊರೆತು, ಕಚ್ಚಾ ವಸ್ತುವಿನ ವೆಚ್ಚ ಕಿಲೋಗೆ 5.36 ರೂ. ಆಗುತ್ತದೆ. ಸಿಪ್ಪೆಯಲ್ಲಿ ಶೇ. 30ರಷ್ಟು ತೇವವಿದ್ದರೆ ದೊರೆಯುವುದು 196 ಕಿ.ಗ್ರಾಂ. ಮಾತ್ರ, ವೆಚ್ಚ 7.65 ರೂ.ಗೆ ಏರುತ್ತದೆ. ತೇವವನ್ನು ಆರಿಸುವ ಇಂಧನ, ಕೂಲಿ, ಬಡ್ಡಿ, ಸವಕಳಿ ಇದರಲ್ಲಿ ಸೇರಿಲ್ಲ. ಆದುದರಿಂದ ತೇವಾಂಶ ನೋಡಿಯೇ ದರ ನಿಗದಿಪಡಿಸಬೇಕು. ಮಳೆಗಾಲಕ್ಕೆ ಬೇಕಾದ ದಾಸ್ತಾನನ್ನು ಬೇಸಿಗೆಯಲ್ಲೇ ಮಾಡಬೇಕಾಗಿರುವುದರಿಂದ ದುಡಿಯುವ ಬಂಡವಾಳವೂ ಹೆಚ್ಚು ಬೇಕು.

ನಮ್ಮ ಕಚೇರಿಗೆ ಬಂದ ಕಿರು ಉದ್ಯಮಿಯೊಬ್ಬರ ಯೋಜನಾ ವರದಿಯಲ್ಲಿ ಲಾಭವೆಲ್ಲವೂ ಮರದ ವಿನೆಗರಿನ ಮಾರಾಟದಿಂದಲೇ ಬರುವಂತಿತ್ತು. ಆ ಬಾಬನ್ನು ತೆಗೆದು ನೋಡಿದಾಗ ಸಾಲದ ಕಂತಿಗೂ ಹಣ ಸಾಲದು! ಮನೆಯನ್ನೇ ಅಡಮಾನವಿಡಲು ಹೊರಟಿದ್ದ ಅವರು ಮೊದಲು ಚಿಕ್ಕ ಡ್ರಮ್ ಒಲೆಯಲ್ಲಿ ಪ್ರಯೋಗ ನಡೆಸಲು ಒಪ್ಪಿದರು.

ಕಾನೂನಿನ ಎಚ್ಚರ

1. ಕೀಟಗಳನ್ನು ಕೊಲ್ಲುತ್ತದೆಯೆಂದು ಲೇಬಲಿನಲ್ಲಿ ಮುದ್ರಿಸಿದರೆ 1968ರ ಕೀಟನಾಶಕ ಅಧಿನಿಯಮದ ನೋಂದಣಿಯ ಪ್ರಶ್ನೆ ಏಳುತ್ತದೆ. ಬೆಳವಣಿಗೆಯನ್ನು ಪ್ರಚೋದಿಸುತ್ತದೆಯೆಂದರೆ, 2021ರಲ್ಲಿ ಜೈವಿಕ ಪ್ರಚೋದಕಗಳನ್ನು ಸೇರಿಸಿಕೊಂಡ ರಸಗೊಬ್ಬರ ನಿಯಂತ್ರಣ ಆದೇಶವನ್ನು ಪರಿಶೀಲಿಸಬೇಕು.

2. ಅರಣ್ಯ ಕಾನೂನಿನ ವ್ಯಾಖ್ಯೆಯಲ್ಲಿ ಇದ್ದಿಲು ಅರಣ್ಯ ಉತ್ಪನ್ನ. ಸಾಗಣೆಗೆ ಮುನ್ನ ಅರಣ್ಯ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಪಡೆದು, ಕಚ್ಚಾ ವಸ್ತುವಿನ ಖರೀದಿ ರಶೀದಿಗಳನ್ನು ಜೋಪಾನವಾಗಿಡಬೇಕು.

3. ಜಿಎಸ್‌ಟಿಯಲ್ಲಿ ಮರದ ಹಾಗೂ ಚಿಪ್ಪಿನ ಇದ್ದಿಲಿನ ಶೀರ್ಷಿಕೆ 4402. ದ್ರವಕ್ಕೆ ಅದು ಅನ್ವಯಿಸದು. ಎರಡಕ್ಕೂ ಪ್ರತ್ಯೇಕ ವರ್ಗೀಕರಣ ಅಗತ್ಯ.

4. ರೈತರೇ ತಯಾರಿಸಿ ಮಾರಿದರೂ, ಆ ಲಾಭವನ್ನು ಪೂರ್ಣವಾಗಿ ಕೃಷಿ ಆದಾಯವೆಂದು ತೋರಿಸುವುದು ಅಪಾಯಕರ.

ಒಟ್ಟಿನಲ್ಲಿ, ಇದ್ದಿಲಿನ ಮಾರಾಟವೊಂದರಿಂದಲೇ ಖರ್ಚು ಹೊರಡುವಂತಿದ್ದರೆ ಮಾತ್ರ ಮುಂದುವರಿಯುವುದು ಕ್ಷೇಮ. ವಿನೆಗರಿನ ಆದಾಯವನ್ನು ಕೈಗೆ ಬಂದ ಮೇಲೆ ಎಣಿಸಿದರಾಯಿತು. ಒಂದು ಹಂಗಾಮು ಕೆಲವು ರೈತರ ತೋಟಗಳಲ್ಲಿ ಪರೀಕ್ಷಿಸಿ, ಖರೀದಿದಾರರ ಲಿಖಿತ ಒಪ್ಪಿಗೆ ಪಡೆದು, ಆನಂತರವೇ ಬ್ಯಾಂಕಿನ ಮೆಟ್ಟಿಲು ಹತ್ತುವುದು ಲೇಸು.