ಕಾರಿನ ಹಿಂದಣ ದೀಪ

ವಾಹನದ ದೀಪಗಳಲ್ಲಿ ಎರಡು ಬಗೆ. ಮುಂದಣ ದೀಪ ನಮಗಾಗಿ. ನಮ್ಮ ದಾರಿ ನಮಗೆ ಕಾಣಲೆಂದು. ಹಿಂದಣ ದೀಪ ಅನ್ಯರಿಗಾಗಿ. ನಾವಿರುವುದು ಹಿಂದೆ ಬರುವವರಿಗೆ ತಿಳಿಯಲೆಂದು. ಮುಂದಣ ದೀಪ ಮಂಕಾದರೆ ಚಾಲಕನಿಗೆ ಆ ರಾತ್ರಿಯೇ ಗೊತ್ತಾಗುತ್ತದೆ. ಹಿಂದಣ ದೀಪ ಮಂಕಾದರೆ ತಿಂಗಳುಗಟ್ಟಲೆ ಗೊತ್ತಾಗದೆ ಹೋಗಬಹುದು. ಏಕೆಂದರೆ ಓಡಿಸುವವನು ಅದರ ಬೆಳಕನ್ನು ನೋಡುವುದೇ ಇಲ್ಲ. ಕಾರನ್ನು ದಿನವೂ ತೊಳೆದು ಒರೆಸಿ, ಹಬ್ಬಕ್ಕೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವವರೂ ಹಿಂದಣ ದೀಪದೊಳಗೆ ಕೂತ ಕೆಸರನ್ನು ಗಮನಿಸುವುದು ಅಪರೂಪ.

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಬಾಡಿಗೆ ಕಾರಿನ ಚಾಲಕರು. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿಯ ಮಾರ್ಗವಾಗಿ ಮಂಗಳೂರಿಗೆ ವಾರಕ್ಕೆ ಎರಡು ಸಲವಾದರೂ ಹೋಗಿಬರುವವರು. ಮಳೆಗಾಲದಲ್ಲಿ ಆ ಘಾಟಿಯ ಮಳೆ, ಮಂಜು, ಲಾರಿಯ ಚಕ್ರಗಳು ಎರಚುವ ಕೆಮ್ಮಣ್ಣು ಇವುಗಳ ಪರಿಚಯ ಆ ಕಡೆ ಪ್ರಯಾಣ ಮಾಡಿದವರಿಗೆಲ್ಲ ಉಂಟು. ಹೊಸ ದೀಪವೊಂದನ್ನು ಕೊಳ್ಳುವುದೆಂದರೆ ಒಂದೆರಡು ದಿನದ ದುಡಿಮೆ ಹೋದಂತೆ. ಆದಕಾರಣ ಪ್ರತಿವರ್ಷವೂ ಮಳೆ ಹಿಡಿಯುವುದಕ್ಕೆ ಮೊದಲು ದೀಪಗಳನ್ನು ಬಿಚ್ಚಿ ಶುಚಿಮಾಡುವುದು ನಮ್ಮ ಮನೆಯ ಪದ್ಧತಿ. ತಂದೆಯವರ ಶಾಲೆ ನಾಲ್ಕನೆಯ ತರಗತಿಗೇ ನಿಂತಿತು. ಈ ವಿದ್ಯೆ ಅವರ ಕೈಯಲ್ಲಿದೆ, ಕಾಗದದ ಮೇಲಿಲ್ಲ. ಅವರು ಮಾಡುವುದನ್ನು ನೋಡಿ, ಅದರ ಕಾರಣಗಳನ್ನು ಪುಸ್ತಕಗಳಲ್ಲಿ ಹುಡುಕಿ, ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಣ ಕೆಂಪು ದೀಪವು ೧೫೫ ಮೀಟರು ದೂರದಿಂದ ಕಾಣಬೇಕು. ನಮ್ಮ ಕಾರು ಕೆಟ್ಟು, ರಾತ್ರಿ ರಸ್ತೆಯ ಅಂಚಿನಲ್ಲಿ ನಿಂತಿದೆಯೆನ್ನಿ. ಹಿಂದಿನಿಂದ ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಬರುವ ಬಸ್ಸು ಸೆಕೆಂಡಿಗೆ ಸುಮಾರು ೨೨ ಮೀಟರು ಸಾಗುತ್ತದೆ. ದೀಪ ೧೫೫ ಮೀಟರಿನಿಂದ ಕಂಡರೆ ಬಸ್ಸಿನ ಚಾಲಕನಿಗೆ ೭ ಸೆಕೆಂಡು ಸಿಗುತ್ತದೆ. ಕೊಳೆಯ ದೆಸೆಯಿಂದ ಅದೇ ದೀಪ ೪೪ ಮೀಟರಿನಲ್ಲಿ ಮಾತ್ರ ಕಂಡಿತೆಂದರೆ ಸಿಗುವುದು ೨ ಸೆಕೆಂಡು. ಕಂಡು, ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಇಡುವಷ್ಟರಲ್ಲಿಯೇ ಅದರ ಬಹುಭಾಗ ಕಳೆದುಹೋಗುತ್ತದೆ. ಉಳಿದ ೫ ಸೆಕೆಂಡುಗಳನ್ನು ತಿಂದದ್ದು ಬೆರಳಿನಲ್ಲಿ ಒರೆಸಬಹುದಾದ ಕೆಸರು.

ಇನ್ನು ದೀಪದ ರಚನೆ. ರೂಢಿಯಲ್ಲಿ ನಾವು ಗಾಜು ಎನ್ನುವ ಕೆಂಪು ಮುಚ್ಚಳ ಗಾಜಲ್ಲ. ಸಾಮಾನ್ಯವಾಗಿ ಅದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕು. ೧೯೩೦ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಪದಾರ್ಥ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಮುಂದಣ ದೀಪಗಳ ಪಾಲಿಕಾರ್ಬೊನೇಟು ಬೇಗ ಹಳದಿಯಾಗುವಂತೆ ಇದು ಆಗುವುದಿಲ್ಲ. ಮುಚ್ಚಳದ ಹಿಂದೆ ಒಂದು ಗೂಡು. ಗೂಡಿನೊಳಗೆ ಬೆಳಕನ್ನು ಹಿಂದಕ್ಕೆ ಹಾಯಿಸುವ ಅಲ್ಯೂಮಿನಿಯಮ್ಮಿನ ಕನ್ನಡಿಲೇಪ. ಬಹುಪಾಲು ಕಾರುಗಳಲ್ಲಿ ಬಲ್ಬು ೧೨ ವೋಲ್ಟಿನದು. ಅದರಲ್ಲಿ ಅನೇಕ ವೇಳೆ ಎರಡು ತಂತಿಗಳಿರುತ್ತವೆ: ೫ ವ್ಯಾಟಿನದು ರಾತ್ರಿ ಸದಾ ಉರಿಯುವುದಕ್ಕೆ, ೨೧ ವ್ಯಾಟಿನದು ಬ್ರೇಕ್ ಒತ್ತಿದಾಗ ಉರಿಯುವುದಕ್ಕೆ. ಕೊಳೆ ಕೂತಾಗ ೫ ವ್ಯಾಟಿನ ಬೆಳಕು ಕಾಣದಂತಾಗುತ್ತದೆ. ೨೧ ವ್ಯಾಟಿನದು ಸಾಮಾನ್ಯ ದೀಪದಂತೆ ತೋರುತ್ತದೆ. ಹಿಂದಿನವನಿಗೆ ನಾವು ನಿಲ್ಲುತ್ತಿದ್ದೇವೆಯೆ, ಹೋಗುತ್ತಿದ್ದೇವೆಯೆ ಎಂಬುದೇ ತಿಳಿಯದು. ಅಪಾಯವಿರುವುದು ಇಲ್ಲಿ.

ಮುಚ್ಚಿದ ಗೂಡಿನೊಳಕ್ಕೆ ನೀರು, ಧೂಳು ಹೇಗೆ ಹೊಕ್ಕವು? ದೀಪವೂ ಉಸಿರಾಡುತ್ತದೆ ಎಂದರೆ ಆಶ್ಚರ್ಯವಾಗಬಹುದು. ಬಲ್ಬು ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತದೆ. ಆರಿಸಿದಾಗ ತಣಿದು ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಈ ಉಸಿರಾಟಕ್ಕೆಂದೇ ಗೂಡಿನ ಹಿಂಭಾಗದಲ್ಲಿ ಸಣ್ಣ ಗಾಳಿರಂಧ್ರಗಳಿರುತ್ತವೆ. ಮಳೆಯ ದಿನ ಒಳಗೆ ತೆಳ್ಳಗೆ ಆವಿ ಕಟ್ಟಿ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ದೋಷವಲ್ಲ. ಆದರೆ ಮುಚ್ಚಳ ಮತ್ತು ಗೂಡು ಸೇರುವ ಅಂಚಿನ ಅಂಟು ಬಿರುಕುಬಿಟ್ಟಿದ್ದರೆ, ಉಸಿರು ಎಳೆಯುವಾಗ ಕೆಸರುನೀರೂ ಜೊತೆಯಲ್ಲಿ ಒಳಬರುತ್ತದೆ. ತಳದಲ್ಲಿ ನೀರು ನಿಂತಿದ್ದರೆ, ಒಳಗೋಡೆಗೆ ಮಣ್ಣಿನ ಗೆರೆ ಹಿಡಿದಿದ್ದರೆ, ಶುದ್ಧಿಮಾಡುವ ಕಾಲ ಬಂತೆಂದೇ ತಿಳಿಯಬೇಕು.

ಕೆಲಸದ ಕ್ರಮ ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಡಿಕ್ಕಿ ತೆರೆದು ದೀಪವನ್ನು ಹಿಡಿದಿರುವ ನಟ್ಟುಗಳನ್ನು ತೆಗೆದು, ದೀಪವನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಓರೆಯಾಗಿ ಜಗ್ಗಿದರೆ ಕೊಂಡಿ ಮುರಿದೀತು. ಯಾವ ಹೋಲ್ಡರು ಯಾವ ರಂಧ್ರದ್ದೆಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟು, ಬಳಿಕ ಹೋಲ್ಡರುಗಳನ್ನು ತಿರುಗಿಸಿ ಹೊರತೆಗೆಯಿರಿ. ಈಚಿನ ಕಾರುಗಳಲ್ಲಿ ಬಲ್ಬಿಗೆ ಬದಲು ಎಲ್‌ಇಡಿ ಇದ್ದರೆ ಒಳಗೆ ವಿದ್ಯುತ್ ಫಲಕ ಇರುವುದರಿಂದ ನೀರು ಹಾಕುವಂತಿಲ್ಲ. ಅಂಥದರ ಹೊರಮೈಯನ್ನಷ್ಟೇ ಒರೆಸಿ, ಉಳಿದುದನ್ನು ತಿಳಿದವರಿಗೆ ಬಿಡುವುದು ಲೇಸು.

ಹೊರಮೈಯನ್ನು ಸಾಬೂನಿನ ನೀರಿನಿಂದ ತೊಳೆಯಿರಿ. ಧೂಳು ಪೂರ್ತಿ ಹೋಗುವ ಮುನ್ನ ಬಟ್ಟೆಯಿಂದ ಉಜ್ಜಿದರೆ ಮರಳಿನ ಕಣಗಳೇ ಗೀರು ಹಾಕುತ್ತವೆ. ಮೈ ಒರಟಾಗಿ ಮಂಕಾಗಿದ್ದರೆ ಮಾತ್ರ ೨೦೦೦ ನಂಬರಿನ ನಯವಾದ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉಜ್ಜಿ, ಆಮೇಲೆ ಪ್ಲಾಸ್ಟಿಕ್ ಪಾಲಿಷಿನಿಂದ ಹೊಳಪು ತರಬಹುದು. ಕೊನೆಗೆ ಕಾರಿನ ಮೇಣ ಹಚ್ಚಿದರೆ ಕೆಸರು ಅಷ್ಟು ಬೇಗ ಅಂಟದು.

ಒಳಭಾಗಕ್ಕೆ ಕೈ ಹೋಗುವುದಿಲ್ಲ. ಗಾಳಿರಂಧ್ರಗಳಿಗೆ ಟೇಪು ಅಂಟಿಸಿ, ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ, ಬಲ್ಬಿನ ರಂಧ್ರದಿಂದ ಅರ್ಧದಷ್ಟು ತುಂಬಿ ಅಲುಗಿಸಿ. ಮಣ್ಣು ಗಟ್ಟಿಯಾಗಿದ್ದರೆ ಒಂದು ಗಂಟೆ ನೆನೆಯಬಿಡಿ. ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ. ಕನ್ನಡಿಲೇಪದ ಮೇಲೆ ಬಟ್ಟೆ, ಬ್ರಷ್ಷು ಆಡಿಸಲೇಬಾರದು. ಅದು ಬಹು ತೆಳುವಾದ್ದರಿಂದ ಕೊಳೆಯ ಜೊತೆಯಲ್ಲಿ ಹೊಳಪೂ ಎದ್ದು ಬರುತ್ತದೆ. ಕಡೆಯ ಸಲ ಮಾತ್ರ ಬ್ಯಾಟರಿಗೆ ಹಾಕುವ ಶುದ್ಧಜಲದಲ್ಲಿ ಜಾಲಿಸಿ. ಕೊಳವೆಬಾವಿಯ ಗಡಸು ನೀರು ಆರಿದ ಜಾಗದಲ್ಲಿ ಸುಣ್ಣದ ಬಿಳಿಕಲೆ ಬಿಡುತ್ತದೆ, ಶುದ್ಧಜಲ ಬಿಡುವುದಿಲ್ಲ.

ಸೋರುವ ಜಾಗವನ್ನು ಕಂಡುಹಿಡಿಯಲು ಪಂಕ್ಚರ್ ಅಂಗಡಿಯವನೇ ನಮ್ಮ ಗುರು. ಬಲ್ಬಿನ ರಂಧ್ರಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ಟೇಪಿನಿಂದ ಮುಚ್ಚಿ, ಉಳಿದದ್ದಕ್ಕೆ ರಬ್ಬರ್ ಕೊಳವೆ ಹಿಡಿದು, ದೀಪದ ಅಂಚನ್ನು ಬಕೀಟಿನ ನೀರಿನಲ್ಲಿ ಅದ್ದಿ ಮೆಲ್ಲಗೆ ಊದಿ. ಗುಳ್ಳೆ ಏಳುವ ಜಾಗವೇ ಬಿರುಕು. ಅದಕ್ಕೆ ಗುರುತು ಹಾಕಿಕೊಳ್ಳಿ. ಅನಂತರ ಟೇಪುಗಳನ್ನೆಲ್ಲ ತೆಗೆದು, ರಂಧ್ರಗಳು ಕೆಳಮುಖವಾಗಿರುವಂತೆ ಒಂದು ಹಗಲು, ಒಂದು ರಾತ್ರಿ ಒಣಗಿಸಿ. ಒಳಗೆ ತೇವವಿರುವಾಗ ಅಂಟು ಹಾಕಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ.

ಅಂಟಿನ ಆಯ್ಕೆಯಲ್ಲಿ ವಿವೇಕ ಬೇಕು. ಅಂಗಡಿಗಳಲ್ಲಿ ಸಿಗುವ ಸಿಲಿಕೋನ್ ಅಂಟಿನಲ್ಲಿ ಎರಡು ಜಾತಿ. ಹಚ್ಚುವಾಗ ವಿನಿಗರಿನಂತೆ ಹುಳಿವಾಸನೆ ಬರುವುದು ಒಂದು. ಅದು ಗಟ್ಟಿಯಾಗುತ್ತಾ ಅಸಿಟಿಕ್ ಆಮ್ಲವನ್ನು ಬಿಡುವುದರಿಂದ ಹೋಲ್ಡರಿನ ಲೋಹಕ್ಕೂ ಕನ್ನಡಿಲೇಪಕ್ಕೂ ಕೇಡು. ಕೊಳವೆಯ ಮೇಲೆ ನ್ಯೂಟ್ರಲ್ ಎಂದು ಬರೆದಿರುವುದು ಇನ್ನೊಂದು. ನಮಗೆ ಬೇಕಾದುದು ಇದೇ. ಬಿರುಕಿನ ಜಾಗದ ಹಳೆಯ ಅಂಟನ್ನು ಬಿದಿರು ಕಡ್ಡಿಯಿಂದ ಕೆರೆದು, ಒರೆಸಿ, ಹೊಸ ಅಂಟನ್ನು ಒಂದೇ ಎಳೆಯಾಗಿ ಎಳೆದು, ಒದ್ದೆ ಬೆರಳಿನಿಂದ ಒತ್ತಿ ಸಮಮಾಡಿ. ಅದು ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುವುದರಿಂದ ೨೪ ಗಂಟೆ ಮುಟ್ಟದಿರಿ. ಗಾಳಿರಂಧ್ರಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಉಸಿರು ಕಟ್ಟಿದ ದೀಪ ಬೇರೆಲ್ಲಿಯೋ ಸಂದು ಹುಡುಕಿ ನೀರೆಳೆಯುತ್ತದೆ.

ಮೂರು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು: ಎಣ್ಣೆಜಿಡ್ಡು ಹೋಗಲೆಂದು ಪೆಟ್ರೋಲು, ಥಿನ್ನರು, ಸ್ಪಿರಿಟ್ಟು ತಾಗಿಸಬೇಡಿ, ಅಕ್ರಿಲಿಕ್ಕಿನ ಮೈಯಲ್ಲಿ ಜೇಡರ ಬಲೆಯಂಥ ಸೀಳುಗಳು ಏಳುತ್ತವೆ. ಎರಡನೆಯದು: ಮುಚ್ಚಳವನ್ನು ಬೇರ್ಪಡಿಸಲೆಂದು ಬೆಂಕಿಗೆ ಹಿಡಿಯಬೇಡಿ. ಅನೇಕ ದೀಪಗಳಲ್ಲಿ ಮುಚ್ಚಳ ಮತ್ತು ಗೂಡನ್ನು ಅಂಟಿಸಿರುವುದಿಲ್ಲ, ಕರಗಿಸಿ ಬೆಸೆದಿರುತ್ತಾರೆ; ಅವು ಬಿಡುವುದಿಲ್ಲ. ಅಕ್ರಿಲಿಕ್ಕಾದರೋ ೧೦೫ ಡಿಗ್ರಿ ಸೆಲ್ಷಿಯಸ್ಸಿನ ಸುಮಾರಿಗೆ ಮೆತ್ತಗಾಗಿ ಆಕಾರಗೆಡುತ್ತದೆ. ಮೂರನೆಯದು: ಮುಚ್ಚಳದ ಚೂರು ಒಡೆದುಹೋಗಿ ಬಲ್ಬಿನ ಬಿಳಿಬೆಳಕು ಹಿಂದಕ್ಕೆ ಕಾಣುವಂತಿದ್ದರೆ ಅಂಟಿನ ಉಪಾಯ ಸಾಲದು. ಹಿಂದಿನವನಿಗೆ ಅದು ಎದುರು ಬರುವ ವಾಹನದ ಭ್ರಮೆ ತರಬಹುದು. ಅಂಥ ದೀಪವನ್ನು ಬದಲಾಯಿಸಲೇಬೇಕು.

ಮತ್ತೆ ಜೋಡಿಸುವ ಮುಂಚೆ ಹೋಲ್ಡರಿನ ತಗಡುಗಳನ್ನು ನೋಡಿ. ಹಸುರು ಕಿಲುಬು, ತುಕ್ಕು ಇದ್ದರೆ ಮರಳುಕಾಗದದಿಂದ ಉಜ್ಜಿ ತೆಗೆಯಿರಿ. ಶುಭ್ರವಾದ ದೀಪವೂ ಕಿಲುಬಿನ ದೆಸೆಯಿಂದ ಮಿಣುಕಾಗಿ ಉರಿಯುವುದುಂಟು. ಕಾರಿನ ಮೈಗೂ ದೀಪಕ್ಕೂ ನಡುವೆ ಇರುವ ರಬ್ಬರ್ ಪಟ್ಟಿ ಒಣಗಿ ಸೀಳಿದ್ದರೆ ಹೊಸದನ್ನು ಹಾಕಿ. ಇಲ್ಲವಾದರೆ ನೀರು ಡಿಕ್ಕಿಗೆ ಇಳಿದೀತು. ನಟ್ಟುಗಳನ್ನು ಅತಿಯಾಗಿ ಬಿಗಿಯಬೇಡಿ, ಪ್ಲಾಸ್ಟಿಕ್ಕು ಬಿರಿಯುತ್ತದೆ.

ಎಲ್ಲ ಮುಗಿದ ಮೇಲೆ ಉಳಿಯುವುದು ಪರೀಕ್ಷೆ. ಕತ್ತಲಾದ ಮೇಲೆ, ವಾಹನಗಳು ಓಡಾಡದ ಬಯಲಿನಲ್ಲಿ ಕಾರನ್ನು ನಿಲ್ಲಿಸಿ, ದೀಪ ಹಚ್ಚಿ, ಇನ್ನೊಬ್ಬರನ್ನು ಒಳಗೆ ಕೂರಿಸಿ, ನೀವು ಹಿಂದಕ್ಕೆ ಸುಮಾರು ಇನ್ನೂರು ಹೆಜ್ಜೆ ನಡೆಯಿರಿ. ನಿಯಮ ಹೇಳುವ ೧೫೫ ಮೀಟರು ಸರಿಸುಮಾರು ಅಷ್ಟೇ. ಅಲ್ಲಿಂದ ತಿರುಗಿ ನೋಡಿ. ಎರಡು ಕೆಂಪು ಬೆಳಕುಗಳೂ ಸಮವಾಗಿ ಕಾಣಬೇಕು. ಒಳಗಿದ್ದವರು ಬ್ರೇಕ್ ಒತ್ತಿದಾಗ ಅವು ತಟ್ಟನೆ ಪ್ರಖರವಾದದ್ದು ಅನುಮಾನವಿಲ್ಲದೆ ತಿಳಿಯಬೇಕು. ಕಾರಿನ ಒಡೆಯನು ತನ್ನ ಹಿಂದಣ ದೀಪವನ್ನು ಅಪರಿಚಿತನ ಕಣ್ಣಿನಿಂದ ನೋಡುವ ಸಂದರ್ಭ ಇದೊಂದೇ. ಅಲ್ಲಿ ಅವನಿಗೆ ಬೆಳಕು ಕಂಡರೆ, ನಾಳೆ ಅದೇ ಜಾಗದಲ್ಲಿ ಬರುವ ಯಾರಿಗೋ ಕಂಡಂತೆಯೇ. ಆ ಯಾರಿಗೋ ಒಂದು ಸಂಸಾರವಿರುತ್ತದೆ. ನಮ್ಮ ಸಂಸಾರದಂತೆಯೇ ಅದೂ ದಾರಿ ಕಾಯುತ್ತಿರುತ್ತದೆ.