ದೂರವಾಣಿ ತಂತಿಯಲ್ಲಿ ಎರಡು ಗಣಕಗಳ ನೇರ ಸಂವಾದ

ಅಂತರ್ಜಾಲವಿಲ್ಲದೆ ದೂರದ ಎರಡು ಗಣಕಗಳು ಮಾತನಾಡಬಲ್ಲವೇ ಎಂದು ಮಕ್ಕಳು ಕೇಳುವುದುಂಟು. ಹಿಂದೆ ಮಾತನಾಡುತ್ತಿದ್ದವು. ಅದಕ್ಕೆ ಬೇಕಾಗಿದ್ದುದು ದೂರವಾಣಿ ಸಂಪರ್ಕ ಮತ್ತು ಎರಡೂ ತುದಿಗಳಲ್ಲಿ ಒಂದೊಂದು ಮೋಡೆಮ್.

ದೂರವಾಣಿಯು ಮನುಷ್ಯಧ್ವನಿಗಾಗಿ ರಚಿತವಾದುದು. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ನಾದಗಳನ್ನಷ್ಟೇ ಒಯ್ಯುತ್ತದೆ. ಆದುದರಿಂದ ಮೋಡೆಮ್ ಗಣಕದ 0 ಮತ್ತು 1ಗಳನ್ನು ನಾದಗಳಾಗಿ ಮಾರ್ಪಡಿಸುತ್ತದೆ. ಆಚೆಯ ಮೋಡೆಮ್ ಅವನ್ನು ಮರಳಿ ಅಂಕಿಗಳಾಗಿಸುತ್ತದೆ. 1962ರಲ್ಲಿ ಅಮೆರಿಕದಲ್ಲಿ ಬಂದ ಬೆಲ್ 103 ಮೋಡೆಮಿನಲ್ಲಿ ಕರೆ ಮಾಡಿದ ಕಡೆಗೆ 1070 ಮತ್ತು 1270 ಹರ್ಟ್ಸ್, ಉತ್ತರಿಸುವ ಕಡೆಗೆ 2025 ಮತ್ತು 2225 ಹರ್ಟ್ಸ್ ಮೀಸಲಾಗಿದ್ದವು. ಹೀಗಾಗಿ ಎರಡೂ ಏಕಕಾಲಕ್ಕೆ ನುಡಿದರೂ ಗೊಂದಲವಿರಲಿಲ್ಲ. ನಮ್ಮ ತರಗತಿಗಳಿಗೆ ಈ ಸೌಲಭ್ಯವಿಲ್ಲ! ವೇಗ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಇಂಗ್ಲಿಷ್ ಅಕ್ಷರಗಳು.

ತಂತಿಯಲ್ಲಿ ಕರಕರ ಸದ್ದು ಹೊಕ್ಕರೆ ಅಕ್ಷರಗಳು ಕೆಡುತ್ತಿದ್ದವು. ಇದಕ್ಕೆ ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ರೂಪಿಸಿದ, ಮುಂದೆ ಎಕ್ಸ್‌ಮೋಡೆಮ್ ಎನಿಸಿದ ಕ್ರಮವು ಬಹು ಸರಳ. ಕಡತವನ್ನು 128 ಬೈಟ್‌ಗಳ ತುಂಡುಗಳಾಗಿ ಕಳುಹಿಸುವುದು. ಪ್ರತಿ ತುಂಡಿನೊಡನೆ ಅದರ ಬೈಟ್‌ಗಳ ಮೊತ್ತವನ್ನು 256ರಿಂದ ಭಾಗಿಸಿ ಬಂದ ಶೇಷವನ್ನೂ ಕಳುಹಿಸುವುದು. ಪಡೆದ ಗಣಕವು ತಾನೂ ಲೆಕ್ಕಹಾಕಿ, ತಾಳೆಯಾಗದಿದ್ದರೆ ಅದೇ ತುಂಡನ್ನು ಮತ್ತೆ ಕೇಳುತ್ತದೆ.

ಇದನ್ನು ತರಗತಿಯಲ್ಲಿ ಆಡಿಸಬಹುದು. ವರ್ಣಮಾಲೆಯ ಅಕ್ಷರಗಳಿಗೆ ಕ್ರಮಸಂಖ್ಯೆ ಕೊಟ್ಟು, ಪದವನ್ನೂ ಅದರ ಮೊತ್ತವನ್ನೂ ಒಬ್ಬರಿಂದೊಬ್ಬರಿಗೆ ಪಿಸುಮಾತಿನಲ್ಲಿ ದಾಟಿಸಲಿ. ಬಳಿಕ, ‘ಸರ’ ಎಂದು ಕಳುಹಿಸಿದ್ದು ‘ರಸ’ ಎಂದು ತಲುಪಿದರೆ ಏನಾಗುವುದೆಂದು ಕೇಳಿರಿ. ಮೊತ್ತ ಅದೇ ಆಗಿರುವುದರಿಂದ ತಪ್ಪು ನುಸುಳಿಹೋಗುತ್ತದೆ. ಮುಂದೆ ಎಕ್ಸ್‌ಮೋಡೆಮಿಗೆ ಸೇರಿದ ಸಿಆರ್‌ಸಿ ಎಂಬ ಪರೀಕ್ಷೆಯು ಅಕ್ಷರಗಳ ಸ್ಥಾನವನ್ನೂ ಗಣಿಸುತ್ತದೆ; ಅದನ್ನು ತಿಳಿಸುವ ಮುನ್ನ ಮಕ್ಕಳೇ ಒಂದು ಉಪಾಯ ಹುಡುಕಲಿ.