ಉತ್ತರ ನಾಲಿಗೆ ತುದಿಯಲ್ಲೇ ಐತ್ರಿ, ಡಾಕ್ಟ್ರೇ!

ರಾತ್ರಿ ಊಟದ ಹೊತ್ತಿಗೆ ಟೀವಿಯಲ್ಲಿ ಕ್ವಿಜ್ ಹಚ್ಚುವ ರೂಢಿ ನಿಮ್ಮ ಮನೆಯಲ್ಲೂ ಇದೆಯೇ? ಸ್ಪರ್ಧಿ ಬಾಯಿ ತೆರೆಯುವ ಮೊದಲೇ ಅಜ್ಜ ಉತ್ತರ ಹೇಳುತ್ತಾರೆ. ಮೊಮ್ಮಗಳು ‘ತಪ್ಪು’ ಎನ್ನುತ್ತಾಳೆ. ರೊಟ್ಟಿ ಬಡಿಯುತ್ತಿರುವ ತಾಯಿ ಅಡಿಗೆಮನೆಯಿಂದಲೇ ಸರಿಯಾದ ಉತ್ತರ ಕೂಗಿ ಇಬ್ಬರನ್ನೂ ಸೋಲಿಸುತ್ತಾಳೆ!

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಈ ಆಟವನ್ನು ಕನ್ನಡದ ಮನೆಮನೆಗೆ ತಂದಿತು. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಅದನ್ನು ನಡೆಸಿಕೊಟ್ಟ ಡಾ. ನಾ. ಸೋಮೇಶ್ವರ ಅವರು ಓದಿದ್ದು ವೈದ್ಯಶಾಸ್ತ್ರ ಎಂಬುದು ನನ್ನಂಥವರಿಗೆ ಹೆಮ್ಮೆ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ ಬಂದಾಗ ಆಟಕ್ಕೆ ಇನ್ನಷ್ಟು ರಂಗೇರಿತು.

ಆರೋಗ್ಯದ ಅಂಕಣದಲ್ಲಿ ಕ್ವಿಜ್ ಏಕೆ ಎಂದು ನೀವು ಕೇಳಬಹುದು. ಮನೆಮಂದಿಯೆಲ್ಲ ದಿನವೂ ಒಂದೇ ಹೊತ್ತಿಗೆ ಕೂತು, ಕೇಳಿ, ನೆನೆದು, ಮಾತಾಡುವ ಅರ್ಧ ಗಂಟೆ ಅದು. ಕಿವಿ, ನೆನಪು, ನಾಲಿಗೆ ಮೂರಕ್ಕೂ ಅಲ್ಲಿ ಪರೀಕ್ಷೆ ನಡೆದಿರುತ್ತದೆ. ನಮ್ಮ ಭಾಗದ ಮೂರು ಊರುಗಳ ಮೂರು ಮನೆಗಳ ಕತೆ ಕೇಳಿ.

ಬ್ಯಾಡಗಿ: ಮರೆವಲ್ಲ, ಕಿವಿ

‘ನಮ್ಮ ಮಾವಾರಿಗೆ ಮರೆವು ಶುರುವಾಗೇತ್ರಿ’ ಎಂದು ಸೊಸೆಯೊಬ್ಬಳು ನಿವೃತ್ತ ಮಾಸ್ತರರನ್ನು ಕರೆತಂದಳು. ಕ್ವಿಜ್ ನೋಡುತ್ತಿದ್ದ ಮೊಮ್ಮಗ ತಾನೂ ಒಂದು ಪ್ರಶ್ನೆ ಹಾಕಿದ್ದ: ‘1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೋಟೆಬೆನ್ನೂರಿನವರು ಯಾರು?’ ಬ್ಯಾಡಗಿ ತಾಲ್ಲೂಕಿನ ಪ್ರಶ್ನೆ! ಮೈಲಾರ ಮಹಾದೇವಪ್ಪನವರ ಪಾಠವನ್ನು ಅದೆಷ್ಟೋ ವರ್ಷ ಹೇಳಿಕೊಟ್ಟ ಮಾಸ್ತರರು ಸುಮ್ಮನೆ ಕೂತಿದ್ದರು. ಮನೆಯವರು ಗಾಬರಿಯಾದರು.

ನಾನು ಅದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಉತ್ತರವನ್ನಷ್ಟೇ ಅಲ್ಲ, ಮಹಾದೇವಪ್ಪನವರ ಇಡೀ ಚರಿತ್ರೆಯನ್ನೇ ಹೇಳಿದರು. ಒಂದು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು; ಇನ್ನೊಂದು ವಯಸ್ಸಿಗೆ ಮಂದವಾಗಿತ್ತು. ವಯಸ್ಸಾದಂತೆ ಮೊದಲು ಕೈಕೊಡುವುದು ಕೀರಲು ಧ್ವನಿಗಳು. ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಮಕ್ಕಳ ಮಾತಂತೂ ಇನ್ನೂ ಕಷ್ಟ. ಟೀವಿಯ ಸದ್ದು ದಿನದಿನಕ್ಕೆ ಏರುತ್ತಿದ್ದರೆ ಮೊದಲು ಕಿವಿ ತೋರಿಸಿ. ಪಿನ್ನು, ಕಡ್ಡಿ, ಬಿಸಿ ಎಣ್ಣೆ ಮಾತ್ರ ಹಾಕಬೇಡಿ. ಕಿವಿಯ ಮಷಿನ್‌ಗೆ ನಾಚಿಕೆಯೂ ಬೇಡ. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ಬುದ್ಧಿಮಾಂದ್ಯಕ್ಕೆ ದಾರಿಮಾಡುವ, ಆದರೆ ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವುಡುತನ ಅವುಗಳಲ್ಲಿ ಪ್ರಮುಖವಾದದ್ದು.

ಹಾವೇರಿ: ನಾಲಿಗೆ ತುದಿಯ ಹೆಸರು

ಐವತ್ತು ದಾಟಿದ ಗೃಹಿಣಿಯೊಬ್ಬರ ಅಳಲು ಬೇರೆ. ‘ಸವಣೂರಿನಲ್ಲಿ ಹುಟ್ಟಿ ಜ್ಞಾನಪೀಠ ಪಡೆದ ಕವಿ ಯಾರು?’ ಎಂದರೆ ಅವರಿಗೆ ಹೆಸರು ಹೊಳೆಯಲೇ ಇಲ್ಲ. ಮುಖ ಕಣ್ಣಮುಂದೆ ಬಂತು, ಓದಿದ ಕವಿತೆ ನೆನಪಾಯಿತು, ಹೆಸರು ಮಾತ್ರ ಬರಲಿಲ್ಲ. ಪಾತ್ರೆ ತೊಳೆಯುವಾಗ ತಾನಾಗಿಯೇ ಬಂತು: ವಿ.ಕೃ. ಗೋಕಾಕ! ‘ನನಗೂ ನಮ್ಮವ್ವನ ಹಂಗ ಅರಳುಮರಳು ಆಗ್ತದೇನ್ರಿ?’ ಎಂದು ಅವರು ಕಣ್ಣೀರು ಹಾಕಿದರು.

ಇದು ಕಾಯಿಲೆಯಲ್ಲ. ಹೆಸರು ತಡವಾಗಿ ಬಂದರೂ ಬಂತಲ್ಲ! ಮೊದಲ ಅಕ್ಷರ ಹೇಳಿದರೆ ನೆನಪಾಗುತ್ತದೆಂದರೆ ಕಪಾಟಿನಲ್ಲಿ ಸಾಮಾನು ಇದೆ, ಹುಡುಕಲು ಹೊತ್ತು ಬೇಕು ಅಷ್ಟೆ. ಚಿಂತಿಸಬೇಕಾದ ಲಕ್ಷಣಗಳೇ ಬೇರೆ: ಕೇಳಿದ್ದನ್ನೇ ಮತ್ತೆಮತ್ತೆ ಕೇಳುವುದು, ದಿನಾ ನಡೆಯುವ ಓಣಿಯಲ್ಲಿ ದಾರಿ ತಪ್ಪುವುದು, ಹಣದ ಲೆಕ್ಕ ತಿಳಿಯದಿರುವುದು, ಸ್ವಭಾವವೇ ಬದಲಾಗುವುದು. ಆಗಲೂ ‘ವಯಸ್ಸಾಯ್ತು’ ಎಂದು ಕೈಚೆಲ್ಲಬೇಡಿ. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆ, ನಿದ್ರೆ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಪರಿಹಾರವಿದೆ.

ರಾಣೆಬೆನ್ನೂರು: ನಗಬಾರದಿತ್ತು

ಮೂರನೆಯದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅರವತ್ತರ ವ್ಯಾಪಾರಿ, ಮನೆಯ ಕ್ವಿಜ್ ಹುಲಿ. ‘ಆರಾಮ ಅದೀನಿ’ ಎಂದು ಬಿ.ಪಿ. ಮಾತ್ರೆ ಬಿಟ್ಟಿದ್ದರು. ಒಂದು ರಾತ್ರಿ ಅವರು ಹೇಳಿದ ಉತ್ತರಗಳು ತೊದಲಿದವು, ಪದಗಳು ಕಲಸಿಹೋದವು. ಮನೆಮಂದಿ ತಮಾಷೆ ಎಂದುಕೊಂಡು ನಕ್ಕರು. ‘ದಣದಾರ’ ಎಂದು ಮಲಗಿಸಿದರು. ಬೆಳಗ್ಗೆ ನನ್ನ ಬಳಿ ತರುವಾಗ ಬಲಗೈ ಬಿದ್ದುಹೋಗಿತ್ತು. ಅದು ಪಾರ್ಶ್ವವಾಯು.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವವಾಗಿದ್ದರೆ ಆ ಔಷಧವೇ ಅಪಾಯ. ಅವರ ಪಾಲಿನ ಹೊತ್ತು ರಾತ್ರಿಯೇ ಕಳೆದುಹೋಗಿತ್ತು. ಈಗಲೂ ಅವರು ಕ್ವಿಜ್ ನೋಡುತ್ತಾರೆ. ಉತ್ತರ ಗೊತ್ತಿದೆ ಎಂದು ಕಣ್ಣು ಹೇಳುತ್ತದೆ, ಬಾಯಿ ಹೇಳುವುದಿಲ್ಲ.

ಇದನ್ನು ಮನೆಯ ಮಕ್ಕಳಿಗೂ ಕಲಿಸಿ. ಮಾತು ಒಮ್ಮೆಲೇ ತೊದಲಿದರೆ, ನಕ್ಕಾಗ ಮುಖ ಒಂದು ಕಡೆ ಜೋತರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿದರೆ, ಗಡಿಯಾರ ನೋಡಿ 108ಕ್ಕೆ ಫೋನ್ ಮಾಡಿ. ಕೊನೆಯದಾಗಿ ಸರಿಯಾಗಿದ್ದ ಹೊತ್ತು ಯಾವುದೆಂದು ವೈದ್ಯರಿಗೆ ಹೇಳಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ದೊಡ್ಡ ಹೊಡೆತದ ಮುನ್ಸೂಚನೆಯಾಗಿರಬಹುದು.

ಆಟ ಆಡುವುದು ಹೇಗೆ?

ಬರೀ ನೋಡಬೇಡಿ, ಉತ್ತರ ಬರುವ ಮೊದಲೇ ಬಾಯಿಬಿಟ್ಟು ಹೇಳಿ. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿಕೊಟ್ಟಂತೆ, ಪಾಠವನ್ನು ಮತ್ತೆಮತ್ತೆ ಓದಿದವರಿಗಿಂತ ತಮ್ಮನ್ನು ತಾವೇ ಪರೀಕ್ಷಿಸಿಕೊಂಡ ವಿದ್ಯಾರ್ಥಿಗಳಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಮಕ್ಕಳ ಓದಿಗೆ ಇದು ಒಳ್ಳೆಯ ದಾರಿ. ಆದರೆ ತಪ್ಪು ಹೇಳಿದ ಮಗುವನ್ನು ಹೀಯಾಳಿಸಬೇಡಿ. ಮರುದಿನ ಅದು ಬಾಯಿಯನ್ನೇ ತೆರೆಯುವುದಿಲ್ಲ. ಕ್ವಿಜ್ ಆಡಿದರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ಬಿ.ಪಿ., ಸಕ್ಕರೆಯ ಹತೋಟಿ, ದಿನದ ನಡಿಗೆ, ತಂಬಾಕು ಬಿಡುವುದು, ಇವುಗಳಿಗೆ ಬದಲಿಯಿಲ್ಲ.

ಹಾಂ, ಕ್ವಿಜ್ ಮುಗಿಯುವಷ್ಟರಲ್ಲಿ ಗಿರಮಿಟ್ಟಿನ ತಟ್ಟೆ, ಮಿರ್ಚಿ ಭಜಿ ಖಾಲಿಯಾಗುವುದು ನನಗೆ ಗೊತ್ತು! ಸಕ್ಕರೆ ಕಾಯಿಲೆಯವರೇ, ಮಂಡಕ್ಕಿ ಹಗುರವೆಂದು ನಂಬಬೇಡಿ. ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಜಾಹೀರಾತು ಬಂದಾಗ ಎದ್ದು ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆಯಿರಿ.

ಇಂದು ರಾತ್ರಿ ಟೀವಿಯ ಕಡೆ ಒಂದು ಕಣ್ಣಿರಲಿ, ಮನೆಯ ಹಿರಿಯರ ಕಡೆ ಇನ್ನೊಂದು. ನಿನ್ನೆಯವರೆಗೆ ಥಟ್ಟನೆ ಹೇಳುತ್ತಿದ್ದವರು ಇಂದು ಸುಮ್ಮನಿದ್ದರೆ, ‘ಯಾಕ್ರಿ ಅಜ್ಜಾರ?’ ಎಂದು ಒಮ್ಮೆ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರ ಒಂದು ಜೀವ ಉಳಿಸಬಹುದು.